ನನ್ನ ಅಮ್ಮನಿಗೆ ಜಾಗವಿಲ್ಲದ ಸಾಫ್ಟ್‌ವೇರ್

ವಂಶವೃಕ್ಷ ಬರೆಯುವ ಸಾಫ್ಟ್‌ವೇರ್‌ಗಳನ್ನು ನಾನು ಬಾಯಿಗೆ ಬಂದಂತೆ ಬೈದಿದ್ದೇನೆ. ಅದರಲ್ಲಿ ಅರ್ಧ ಬೈಗುಳ ನನ್ನ ತಮ್ಮನಿಗೆ ಸೇರಬೇಕಾದದ್ದು.

ನಾವು ತುಳುವರು, ಅಳಿಯಸಂತಾನದವರು. ನಮ್ಮಲ್ಲಿ ಮನೆತನ ನಡೆಯುವುದು ತಾಯಿಯಿಂದ. ಅಜ್ಜಿಯ ಮೊದಲ ಗಂಡ ತೀರಿಕೊಂಡಾಗ ನನ್ನ ಅಮ್ಮ ಇನ್ನೂ ಸಣ್ಣವಳು. ಮನೆಯ ಹಿರಿಯರೇ ಮುಂದೆ ನಿಂತು ಅಜ್ಜಿಗೆ ಬುಡುದಾರೆ, ಅಂದರೆ ಮರುಮದುವೆ, ಮಾಡಿಸಿದರು. ಆಮೇಲೆ ಹುಟ್ಟಿದವಳು ಚಿಕ್ಕಮ್ಮ. ಇದನ್ನು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಪಿಸುದನಿಯಲ್ಲಿ ಹೇಳಿದ್ದಿಲ್ಲ.

ತಮ್ಮನೆಂದರೆ ಆ ಚಿಕ್ಕಮ್ಮನ ಮಗ. ನಾವಿಬ್ಬರೂ ಇರುವುದು ಗಲ್ಫಿನಲ್ಲಿ, ಅವನು ಉಮ್ಮ್ ಸಲಾಲ್‌ನಲ್ಲಿ, ನಾನು ಅಲ್ ಥುಮಾಮಾದಲ್ಲಿ. ಅಮ್ಮ ತೀರಿಕೊಂಡ ವರ್ಷ ನಾನು ಲ್ಯಾಪ್‌ಟಾಪಿನ ಒಂದು ಹಳೆಯ ಪ್ರೋಗ್ರಾಮಿನಲ್ಲಿ ಕುಟುಂಬದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಸೇರಿಸಿದ್ದೆ. ಅದು ಫೋನಿನಲ್ಲಿ ಕಾಣುವುದಿಲ್ಲ, ಹೊಸದಕ್ಕೆ ಹೋಗೋಣ ಎಂದು ತಮ್ಮ ಹಟ ಹಿಡಿದ. ಫೈಲ್ ಕಳಿಸಿದೆ. ಕೆಲವು ದಿನ ಕಳೆದು ವಾಟ್ಸಾಪ್ ಗುಂಪಿಗೆ ಲಿಂಕ್ ಬಂತು. ತೆರೆದು ನೋಡಿದರೆ ಮೇಲೆ ಅಜ್ಜಿ, ಪಕ್ಕದಲ್ಲಿ ಎರಡನೆಯ ಗಂಡ, ಕೆಳಗೆ ಚಿಕ್ಕಮ್ಮ, ತಮ್ಮ, ಅವನ ಮಗಳು. ನನ್ನ ಅಮ್ಮ ಎಲ್ಲೂ ಇಲ್ಲ. ಅಮ್ಮನಿಲ್ಲದ ಮೇಲೆ ನಾನೂ ಇಲ್ಲ.

ಫೋನ್ ಮಾಡಿದೆ. ಒಬ್ಬಳು ಹೆಂಗಸಿಗೆ ಇಬ್ಬರು ಗಂಡಂದಿರನ್ನು ಹಾಕಿದರೆ ಸಿಸ್ಟಮ್ ಎರರ್ ಕೊಡುತ್ತದೆ ಎಂದ. ನಂಬಿದೆ. ಇಡೀ ದಿನ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವ ನಾನು, ಆ ಮಾತನ್ನು ನಂಬಿದೆ!

ರಜೆಯ ಶುಕ್ರವಾರಗಳು ಬೇರೆ ಪ್ರೋಗ್ರಾಮ್ ಹುಡುಕುವುದರಲ್ಲೇ ಹೋದವು. ಒಂದಕ್ಕೆ ಮೊದಲು ಅಪ್ಪನ ಹೆಸರೇ ಬೇಕು. ಕೊಡದಿದ್ದರೆ ‘ಗೊತ್ತಿಲ್ಲ’ ಎಂದು ತಾನೇ ಬರೆದು ಮುಖವಿಲ್ಲದ ಒಬ್ಬ ಗಂಡಸನ್ನು ತಂದು ಕೂರಿಸುತ್ತದೆ. ಇನ್ನೊಂದು ನಮ್ಮ ಹೆಂಗಸರಿಗೆಲ್ಲ ಗಂಡನ ಮನೆತನದ ಹೆಸರು ಅಂಟಿಸಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನ ಗಂಡ ಚಹಾ ಹೀರುತ್ತಾ ನಕ್ಕರು. ಅವರಿಗೂ ಒಂದಿಷ್ಟು ಬೈಗುಳ ಸಿಕ್ಕಿತು.

ಕೊನೆಗೆ ಸೋತು ತಮ್ಮನ ಲಿಂಕನ್ನೇ ಮತ್ತೆ ತೆರೆದೆ. ಅಲ್ಲಿ ಪಕ್ಕದ ಕೊಂಬೆಯಲ್ಲಿ ಅವನ ಅಪ್ಪನ ಅಣ್ಣ ಕೂತಿದ್ದಾರೆ, ಆಚೆಗೊಬ್ಬಳು ಹೆಂಡತಿ, ಈಚೆಗೊಬ್ಬಳು. ಅವರಿಗೆ ಬಾರದ ಎರರ್ ನನ್ನ ಅಜ್ಜಿಗೆ ಹೇಗೆ ಬಂತು? ಅದೇ ಪ್ರೋಗ್ರಾಮಿನಲ್ಲಿ ನನ್ನದೊಂದು ಖಾತೆ ತೆರೆದು, ಅಜ್ಜಿಯ ಹೆಸರು ಹಾಕಿ, ಮೊದಲ ಗಂಡನನ್ನು ಸೇರಿಸಿದೆ. ಇನ್ನೊಬ್ಬ ಸಂಗಾತಿಯನ್ನು ಸೇರಿಸಬೇಕೇ ಎಂದು ಅದೇ ಕೇಳಿತು. ಮೈಯೆಲ್ಲ ಉರಿದುಹೋಯಿತು.

ಮುಂದಿನ ಶುಕ್ರವಾರ ಉಮ್ಮ್ ಸಲಾಲ್‌ಗೆ ಹೋದೆ. ಎಲ್ಲರೂ ಊಟಕ್ಕೆ ಕೂತಿದ್ದರು. ವಿಸಿಟ್ ವೀಸಾದಲ್ಲಿ ಬಂದಿದ್ದ ಚಿಕ್ಕಮ್ಮನೂ ಇದ್ದರು. ನಾನು ಬಟ್ಟಲು ಮುಟ್ಟದೆ ಫೋನನ್ನು ತಮ್ಮನ ಮುಂದೆ ಹಿಡಿದೆ. ಅವನು ಅನ್ನ ಕಲಸುತ್ತಲೇ ಇದ್ದ.

“ಮಗಳಿಗೆ ಮಾತುಕತೆ ನಡೀತಾ ಉಂಟು ಅಕ್ಕ,” ಎಂದ. “ಹುಡುಗನ ಕಡೆಯವ್ರು ಲಿಂಕ್ ಕೇಳಿದ್ದಾರೆ. ಅಜ್ಜಿಯ ಬುಡುದಾರೆ ವಿಷಯ ಅವ್ರಿಗೆ ಎಂತಕ್ಕೆ? ಮದುವೆ ಒಂದು ಆಗ್ಲಿ, ಮತ್ತೆ ಹಾಕುವ.”

“ಅಷ್ಟರವರೆಗೆ ನನ್ನ ಅಮ್ಮ ಯಾರಿಗೆ ಹುಟ್ಟಿದವಳು?” ಎಂದೆ.

ಅವನು ಮತ್ತೆ ಸಾರು ಬಡಿಸಿಕೊಂಡ. ಅಜ್ಜಿಯ ಕಾಲದ ಮುದುಕರಿಗಿದ್ದ ಧೈರ್ಯ ಈ ಇಂಜಿನಿಯರನಿಗಿಲ್ಲ. ಅವನ ಮಾತು ಬಿಡಿ. ನಾನು ಕಾದದ್ದು ಚಿಕ್ಕಮ್ಮನ ಮಾತಿಗೆ. ಅವರೊಂದು ಮಾತು ಹೇಳಿದ್ದರೆ ಅವನು ಕೂತಲ್ಲೇ ಸರಿಮಾಡುತ್ತಿದ್ದ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಫೋನನ್ನು ಹತ್ತಿರ ಎಳೆದುಕೊಂಡರು. ತುಂಬ ಹೊತ್ತು ನೋಡಿದರು.

“ನನ್ನ ಹೆಸರು ಉಂಟಲ್ಲ?” ಎಂದು ಕೇಳಿದರು.

“ನಿಮ್ಮದು ಉಂಟು ಚಿಕ್ಕಮ್ಮ. ನಿಮ್ಮನ್ನು ಸೊಂಟದಲ್ಲಿ ಹೊತ್ತು ಸಾಕಿದ ಅಕ್ಕನದ್ದು ಇಲ್ಲ.”

ಅವರು ಫೋನನ್ನು ನನ್ನ ಕಡೆಗೆ ಸರಿಸಿ, ಸೊಸೆಯ ಹತ್ತಿರ ಮಜ್ಜಿಗೆ ಕೇಳಿದರು.