ಮಂಜಿನಲ್ಲಿ ನಿಂತ ಲಿಫ್ಟು

2014ರ ಫೆಬ್ರವರಿಯ ಒಂದು ಶನಿವಾರ. ಆಗ ನಾನು ಸ್ಯಾನ್ ಡಿಯಾಗೋದಲ್ಲಿದ್ದೆ. ಕರ್ನಿ ಮೆಸಾ ಬಡಾವಣೆಯ ಒಂದು ಟೆಲಿಕಾಂ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ, ವಯಸ್ಸು ಮೂವತ್ತೆರಡು, ಊರು ತುಮಕೂರು. ಇಷ್ಟನ್ನು ಬರೆಯುವುದು ನನಗೆ ಸುಲಭ, ಹೇಳುವುದು ಕಷ್ಟ. ಚಿಕ್ಕಂದಿನಿಂದ ನನಗೆ ಮಾತು ಉಗ್ಗುತ್ತದೆ. ‘ತುಮಕೂರು’ ಎನ್ನಲು ಹೋದರೆ ಮೊದಲ ಅಕ್ಷರದಲ್ಲೇ ನಾಲಿಗೆ ಹಲ್ಲಿಗೆ ಅಂಟಿಕೊಂಡುಬಿಡುತ್ತದೆ. ಯಾವ ಊರು ಎಂದು ಕೇಳಿದವರಿಗೆ, ಸಲೀಸಾಗಿ ಬರುತ್ತದೆಂಬ ಒಂದೇ ಕಾರಣಕ್ಕೆ ‘ಹಾಸನ’ ಎಂದು ಹೇಳಿದ್ದೂ ಉಂಟು.

ಅಂಥ ನಾನು ಹೋಗಿ ಹೋಗಿ, ಕಂಡಕಂಡವರೆಲ್ಲ ಪ್ರಶ್ನೆ ಕೇಳುವಂಥ ವಸ್ತುವೊಂದನ್ನು ಕಾಲಿಗೆ ಕಟ್ಟಿಕೊಂಡಿದ್ದೆ. ಹಿಮದ ಮೇಲೆ ಜಾರುವ ಸ್ನೋಬೋರ್ಡನ್ನು ನೀವು ಚಿತ್ರಗಳಲ್ಲಾದರೂ ನೋಡಿರುತ್ತೀರಿ. ಅಗಲವಾದ ಹಲಗೆ, ಮೆತ್ತನೆಯ ಬೂಟು, ಅಡ್ಡಡ್ಡ ನಿಂತ ಹುಡುಗರು. ನನ್ನದು ಅದಲ್ಲ, ಆಲ್ಪೈನ್ ಬೋರ್ಡು. ನೀಳವಾಗಿ, ಸಪೂರವಾಗಿ, ಬಾಗದಷ್ಟು ಬಿಗಿಯಾಗಿರುತ್ತದೆ. ಬೂಟು ಸ್ಕೀ ಆಡುವವರ ಗಟ್ಟಿ ಪ್ಲಾಸ್ಟಿಕ್ಕಿನದು. ಒಂದು ಪಾದ ಮುಂದೆ, ಇನ್ನೊಂದು ಹಿಂದೆ, ಎರಡರ ಬೆರಳೂ ಬೆಟ್ಟದ ಕೆಳಗೆ ನೋಡುತ್ತಿರುತ್ತವೆ. ಜಿಗಿಯುವುದಕ್ಕೆ ಈ ಬೋರ್ಡು ಬಾರದು. ಅಂಚಿನ ಮೇಲೆ ಒರಗಿ, ಹಿಮದಲ್ಲಿ ಬಳ್ಳಿಯ ಹಾಗೆ ಗೆರೆ ಎಳೆಯುತ್ತ ಇಳಿಯುವುದಕ್ಕಷ್ಟೇ ಇದು.

ನನಗೆ ಇದು ಸಿಕ್ಕಿದ್ದು ಲಾಸ್ ಏಂಜಲೀಸಿನಲ್ಲಿ ಓದುತ್ತಿದ್ದಾಗ. ಅಲ್ಲಿನ ಚಾಟ್ಸ್‌ವರ್ತ್ ಬಡಾವಣೆಯಲ್ಲಿ ಲೇಥ್ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಮಂಡಿ ಸವೆದುಹೋಗಿ ತಮ್ಮ ಬೋರ್ಡನ್ನು ಮಾರುತ್ತಿದ್ದರು. ನೋಡಲು ಹೋದವಳಿಗೆ ಎರಡು ವಾರಾಂತ್ಯ ಬೆಟ್ಟದ ಬುಡದಲ್ಲಿ ನಿಂತು ಕಲಿಸಿಯೂ ಕೊಟ್ಟರು. ನನ್ನ ಮಾತು ತಡವರಿಸುವುದನ್ನು ಕಂಡು ಅವರೂ ಮಾತು ಕಡಿಮೆ ಮಾಡಿದರು, ಬರೀ ಕೈಯಲ್ಲಿ ತೋರಿಸುತ್ತಿದ್ದರು. ಮೊದಲ ಸಲ ಬೋರ್ಡು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತಾನಾಗಿ ಹೊರಳಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಎಲ್ಲೂ ಸಿಕ್ಕಿಕೊಳ್ಳದೆ ಒಂದರಿಂದ ಇನ್ನೊಂದಕ್ಕೆ ಹರಿದುಹೋಗುವ ಅನುಭವ ನನ್ನ ಬಾಯಿಗೆ ಗೊತ್ತಿರಲಿಲ್ಲ. ಕಾಲಿಗಾದರೂ ಗೊತ್ತಾಯಿತು.

ಕಷ್ಟವಿದ್ದದ್ದು ಮೇಲೆ ಹೋಗುವ ಲಿಫ್ಟಿನಲ್ಲಿ. ತಂತಿಗೆ ತೂಗುಬಿಟ್ಟ ಜೋಡಿ ಕುರ್ಚಿ, ಪಕ್ಕದಲ್ಲಿ ಯಾರೋ ಅಪರಿಚಿತರು, ಎಂಟು ಹತ್ತು ನಿಮಿಷದ ದಾರಿ. ಕೂತ ಕೂಡಲೇ ಪಕ್ಕದವರ ಕಣ್ಣು ನನ್ನ ಕಾಲಿಗೆ ಬೀಳುತ್ತಿತ್ತು. ಸ್ಕೀ ಆಡುವವರು ಇದು ಸ್ನೋಬೋರ್ಡಾ ಎಂದು ಕೇಳುತ್ತಿದ್ದರು, ಸ್ನೋಬೋರ್ಡಿನವರು ಇದು ಸ್ಕೀಯಾ ಎಂದು. ಒಬ್ಬ ಹುಡುಗ ಇದನ್ನು ನೀವೇ ಕೊಯ್ದು ಸಣ್ಣ ಮಾಡಿದಿರಾ ಎಂದ. ನರೆತ ಗಡ್ಡದವರೊಬ್ಬರು ಏನೂ ಕೇಳದೆ ಅದರ ಮೂತಿಯನ್ನು ಕೈಗವಸಿನಲ್ಲಿ ಸವರಿ, ತಮ್ಮ ಹತ್ತಿರವೂ ಇಂಥದೊಂದಿತ್ತು ಎಂದಷ್ಟೇ ಹೇಳಿ ಮೇಲೆ ಮುಟ್ಟುವ ತನಕ ದೂರ ನೋಡುತ್ತ ಕೂತಿದ್ದರು. ಎಲ್ಲರಿಗೂ ನನ್ನ ಉತ್ತರ ಒಂದು ನಗು. ಕೊನೆಗೆ ಬೇಸತ್ತು ‘ಹೌದು, ಇದು ಸ್ನೋಬೋರ್ಡೇ’ ಎಂದು ಇಂಗ್ಲಿಷಿನಲ್ಲಿ ಬರೆದು ಬೋರ್ಡಿನ ಮೇಲೆ ಚೀಟಿ ಅಂಟಿಸಿದೆ. ಜನ ಅದನ್ನು ಓದಿ, ನಕ್ಕು, ಮುಂದಿನ ಪ್ರಶ್ನೆ ಕೇಳತೊಡಗಿದರು.

ಆ ಶನಿವಾರ ಬೆಳಗಾಗುವ ಮುಂಚೆ ಹೊರಟು, ಎಂಟೂವರೆಗೆಲ್ಲ ಸ್ಯಾನ್ ಬರ್ನಾರ್ಡಿನೋ ಬೆಟ್ಟದ ಮೇಲಿದ್ದೆ. ಬಿಸಿಲಿತ್ತು. ಕೆಳಗಿನ ಕಣಿವೆಯಲ್ಲಿ ಮಾತ್ರ ಮೋಡ ಹಾಲಿನ ಹಾಗೆ ತುಂಬಿಕೊಂಡು ನಿಧಾನ ಮೇಲೇರುತ್ತಿತ್ತು. ಹನ್ನೊಂದರ ಹೊತ್ತಿಗೆ ನಾನು ಲಿಫ್ಟಿನ ಸಾಲಿನಲ್ಲಿದ್ದಾಗ ಮುಂದೆ ಏನೋ ಗಲಿಬಿಲಿ. ಆ ಲಿಫ್ಟಿನಲ್ಲಿ ಸ್ಕೀ ಆಡದವರೂ ಮೇಲೆ ಹೋಗಿ ನೋಟ ನೋಡಿ ಬರಬಹುದಿತ್ತು. ಒಬ್ಬ ಅಪ್ಪ, ಮಗಳು ಕೂತು ಹೋಗಿಯಾಗಿತ್ತು. ಅವರ ಜೊತೆಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂರಬೇಕಿದ್ದ ಅಜ್ಜಿ ಹೆದರಿ ಹಿಂದೆ ಸರಿದು, ಒಂದರ ಹಿಂದೆ ಒಂದು ಖಾಲಿ ಕುರ್ಚಿ ಹೋಗಗೊಟ್ಟಿದ್ದರು. ಅರವತ್ತು ದಾಟಿದ ಹೆಂಗಸು. ಸೀರೆಯ ಮೇಲೆ ಮಗನದೇ ಇರಬೇಕು, ದೊಡ್ಡ ಜಾಕೆಟ್ಟು, ತಲೆಗೆ ಉಲ್ಲನ್ ಟೋಪಿ, ಹಣೆಯಲ್ಲಿ ಕುಂಕುಮ. ಲಿಫ್ಟಿನವನು ಲಿಫ್ಟ್ ನಿಧಾನ ಮಾಡಿ, ಇವರ ಜೊತೆ ಕೂರುತ್ತೀರಾ ಎಂದು ನನ್ನನ್ನು ಕೇಳಿದ. ನಾನು ತಲೆಯಾಡಿಸಿ ಕೂತೆ. ಬೀಳದಂತೆ ತಡೆಯುವ ಅಡ್ಡಕಂಬಿಯನ್ನು ತಲೆಯ ಮೇಲಿನಿಂದ ಇಳಿಸಿದೆ. ಕುರ್ಚಿ ನೆಲ ಬಿಟ್ಟಿತು.

“ಯಪ್ಪಾ, ಎಲ್ಲಿಗಿ ಕರ್ಕೊಂಡ ಬಂದಾನ ಇವ ನನ್ನ,” ಎಂದು ಅಜ್ಜಿ ತಮ್ಮಷ್ಟಕ್ಕೆ ಅಂದುಕೊಂಡರು.

ಕನ್ನಡ. ಆ ಬೆಟ್ಟದಲ್ಲಿ ಅಷ್ಟು ವರ್ಷಗಳಲ್ಲಿ ನಾನು ಕೇಳಿದ ಮೊದಲ ಕನ್ನಡ. ನಾನು ತಿರುಗಿ ಮಾತಾಡಬೇಕಿತ್ತು. ಆದರೆ ಹೆಲ್ಮೆಟ್ಟು, ಅರ್ಧ ಮುಖ ಮುಚ್ಚುವ ಹಿಮದ ಕನ್ನಡಕದ ಮರೆಯಲ್ಲಿ ನಾನು ಯಾವ ದೇಶದವಳು ಎನ್ನುವುದೂ ಅವರಿಗೆ ಕಾಣುತ್ತಿರಲಿಲ್ಲ. ಬಾಯಿ ತೆರೆದರೆ ಯಾವ ಊರು ಎನ್ನುತ್ತಾರೆ, ಯಾರ ಮಗಳು ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಉಗ್ಗಿದರೆ ಅಷ್ಟು ನೋಯುವುದಿಲ್ಲ, ಕನ್ನಡದಲ್ಲಿ ಉಗ್ಗಿದರೆ ಬಾಲ್ಯವೆಲ್ಲ ಎದ್ದು ಬರುತ್ತದೆ. ನಾನು ಎದುರಿನ ತಂತಿಯನ್ನೇ ನೋಡುತ್ತ ಕೂತೆ.

ಅವರು ನನ್ನ ಕಾಲಿಗೆ ತೂಗುತ್ತಿದ್ದ ಬೋರ್ಡನ್ನು ನೋಡಿದರು. “ವಾಟ್ ಈಸ್ ದಿಸ್? ಐರನಿಂಗ್?” ಎಂದು ಕೇಳಿದರು. ಇಸ್ತ್ರಿ ಮಾಡುವ ಮಣೆಯೇ ಎಂದು. ನಾನು ಎಂದಿನಂತೆ ನಕ್ಕೆ. ಅವರು ಮುಖ ತಿರುಗಿಸಿ, ತಂತಿಗೆ ಹೇಳುವವರ ಹಾಗೆ, “ಮೂಕಿ ಅದಾಳಂತ ಕಾಣತೈತಿ, ಪಾಪ,” ಎಂದರು.

ತಂತಿಯನ್ನು ಹೊತ್ತ ಕಂಬಗಳು ಒಂದೊಂದಾಗಿ ಹಿಂದೆ ಸರಿದವು. ಅವರ ಎರಡೂ ಕೈ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದವು. ಬಾಯಲ್ಲಿ ಏನೋ ದೇವರ ಹೆಸರು. ಕಣಿವೆಯ ಮೋಡ ಆಗಲೇ ನಮ್ಮ ಕಾಲ ಕೆಳಗೆ ಬಂದಿತ್ತು. ಮೊದಲು ಪೈನ್ ಮರಗಳ ಬುಡ ಮುಚ್ಚಿತು, ಆಮೇಲೆ ತುದಿ. ಮುಂದಿನ ಕುರ್ಚಿ ಬೂದು ನೆರಳಾಗಿ, ಆಮೇಲೆ ಏನೂ ಇಲ್ಲವಾಯಿತು. ಅಷ್ಟರಲ್ಲಿ ಲಿಫ್ಟು ಒಮ್ಮೆ ಜಗ್ಗಿ ನಿಂತುಬಿಟ್ಟಿತು.

ಕುರ್ಚಿ ಹಿಂದೆ ಮುಂದೆ ತೂಗಿ ತೂಗಿ ಸುಮ್ಮನಾಯಿತು. ಅಂಥ ನಿಶ್ಶಬ್ದ ನಾನು ಕೇಳಿಲ್ಲ. ಮೇಲೆ ಬಿಳಿ, ಕೆಳಗೆ ಬಿಳಿ, ಪಕ್ಕದಲ್ಲಿ ಬಿಳಿ. ನಾವಿಬ್ಬರೂ ಯಾರದೋ ನಿದ್ದೆಯೊಳಗೆ ಕೂತ ಹಾಗಿತ್ತು. ಲಿಫ್ಟು ಹೀಗೆ ನಿಲ್ಲುವುದು ನನಗೆ ಹೊಸದಲ್ಲ, ಒಂದೆರಡು ನಿಮಿಷದಲ್ಲಿ ಹೊರಡುತ್ತದೆ. ಈ ಸಲ ಹೊರಡಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಅಜ್ಜಿ ಮಗನ ಹೆಸರು ಹಿಡಿದು ಎರಡು ಸಲ ಕೂಗಿದರು. ಮಂಜು ದನಿಯನ್ನು ನುಂಗಿಕೊಂಡಿತು. ಆಮೇಲೆ ಅವರು ಕೆಳಗೆ ಬಾಗಿ ನೋಡಿದರು.

“ಇಲ್ಲೇ ಐತಲ್ಲ ನೆಲ,” ಎಂದರು. “ಇಳದ ಹೋಗ್ತೀನಿ ನಾ.”

ನಾನೂ ಬಾಗಿ ನೋಡಿದೆ. ನಿಜ, ಹಾಗೇ ಕಾಣುತ್ತಿತ್ತು. ನಮ್ಮ ಪಾದದ ಕೆಳಗೆ ಮಂಜು ಇನ್ನೂ ದಟ್ಟವಾಗಿ, ಹಿಮದ ನೆಲದಂತೆ ಸಮನಾಗಿ ಹಾಸಿತ್ತು. ಕಾಲು ಚಾಚಿದರೆ ತಗಲುತ್ತದೆ ಅನ್ನಿಸುವಷ್ಟು ಹತ್ತಿರ. ಆದರೆ ಆ ಜಾಗ ನನಗೆ ಗೊತ್ತಿತ್ತು. ಮೂರು ಮಾಳಿಗೆ ಎತ್ತರ, ಕೆಳಗೆ ಯಾರೂ ಓಡಾಡದ ಬಂಡೆಗಳ ಇಳಿಜಾರು.

ಅವರು ಕಂಬಿಯನ್ನು ಎತ್ತತೊಡಗಿದರು. ‘ಬೇಡ’ ಎನ್ನಲು ಬಾಯಿ ತೆರೆದೆ. ತುಟಿ ಕೂಡಿಕೊಂಡವು, ಬಿಡಲಿಲ್ಲ. ಬ್… ಬ್… ಎರಡಕ್ಷರದ ಮಾತು. ಕಂಬಿ ಅರ್ಧ ಎದ್ದಿತ್ತು. ನಾನು ಎಡಗೈಯಿಂದ ಅದನ್ನು ಒತ್ತಿ ಹಿಡಿದೆ. ಅವರು ಗಾಬರಿಯಲ್ಲಿ ನನ್ನ ಕೈಯನ್ನೇ ತಳ್ಳತೊಡಗಿದರು. ಕುರ್ಚಿ ತೂಗಿತು. ನನ್ನ ಜೇಬಿನಲ್ಲಿ ಮಧ್ಯಾಹ್ನಕ್ಕೆಂದು ಇಟ್ಟುಕೊಂಡಿದ್ದ ಕಿತ್ತಳೆ ಹಣ್ಣಿತ್ತು. ಬಲಗೈಯಿಂದ ಅದನ್ನು ತೆಗೆದು ಅವರ ಕಣ್ಣೆದುರು ಹಿಡಿದು, ಕೆಳಗೆ ಬಿಟ್ಟೆ.

ಹಣ್ಣು ‘ನೆಲ’ವನ್ನು ತಾಕಿ ನಿಲ್ಲಲಿಲ್ಲ. ಅದರೊಳಗೆ ಇಳಿಯಿತು. ಕಿತ್ತಳೆ ಬಣ್ಣ ಮಸುಕಾಗಿ, ಮಾಯವಾಗಿ, ಆಮೇಲೆ ಎಲ್ಲೋ ಆಳದಲ್ಲಿ ಬಂಡೆಗೆ ಬಡಿದ ಸಣ್ಣ ಸದ್ದು.

ಅಜ್ಜಿಯ ಕೈ ಸಡಿಲಾಯಿತು. ನಾನು ಕಂಬಿಯನ್ನು ಪೂರ್ತಿ ಇಳಿಸಿ ಅವರ ಭುಜ ಸುತ್ತಿ ಹಿಡಿದುಕೊಂಡೆ. ಆಗ ಬಂತು ಮಾತು. “ಬ್… ಬೇಡ ಆಂಟಿ. ಕೂ… ಕೂತ್ಕೊಳಿ. ನಾನಿದೀನಿ.”

ಅವರು ನನ್ನ ಕಡೆ ತಿರುಗಿದರು. “ಕನ್ನಡದಾಕಿ ಅದಿಯೇನ ನೀ? ಮತ್ತ ಇಷ್ಟೊತ್ತನ ಯಾಕ ಬಾಯಿ ಬಿಡಲಿಲ್ಲ?”

ಸುಳ್ಳು ಹೇಳಲು ಆಗಲಿಲ್ಲ. “ಮಾತು ಉ… ಉಗ್ಗತ್ತೆ ಆಂಟಿ. ಅದಕ್ಕೆ.”

“ಉಗ್ಗಲಿ ಬಿಡವಾ,” ಎಂದರು ಅವರು. “ಇಲ್ಲಿ ನಾವೇನ ಬಸ್ ಹಿಡಿಬೇಕಾಗೇತೇನ?”

ನನಗೆ ನಗು ಬಂತು. ಅವರಿಗೂ ಬಂತು. ಏನಾದರೂ ಹೇಳು ಎಂದರು. ನೀನು ಮಾತಾಡುತ್ತಿದ್ದರೆ ಕೆಳಗೆ ನೋಡಬೇಕು ಅನ್ನಿಸುವುದಿಲ್ಲ, ನಿಲ್ಲಿಸಬೇಡ ಎಂದರು. ನಾನು ಹೇಳತೊಡಗಿದೆ. ಕಾಲಲ್ಲಿರುವುದು ಏನು, ಅದು ಹೇಗೆ ಹೋಗುತ್ತದೆ, ಚಾಟ್ಸ್‌ವರ್ತಿನ ಮೇಷ್ಟ್ರು ಕೈಯಲ್ಲೇ ಹೇಗೆ ಕಲಿಸಿದರು, ಜನ ಏನೇನು ಕೇಳುತ್ತಾರೆ. ಒಂದೊಂದು ಮಾತೂ ಸಿಕ್ಕಿಕೊಳ್ಳುತ್ತಿತ್ತು. ನಾನು ತಡೆದಾಗ ಅವರು ಮಾತನ್ನು ಪೂರ್ತಿ ಮಾಡಿಕೊಡಲಿಲ್ಲ. ಕಾಯುತ್ತಿದ್ದರು. ಬಂದ ಮೇಲೆ “ಹೂಂ, ಮುಂದ?” ಎನ್ನುತ್ತಿದ್ದರು. ನನ್ನ ಊರು ಯಾವುದೆಂದೂ ಕೇಳಿದರು. ‘ತುಮಕೂರು’ ಎಂದು ಹೇಳಿ ಮುಗಿಸಲು ಎಷ್ಟು ಹೊತ್ತಾಯಿತೋ, ಆದರೆ ಹೇಳಿದೆ.

ನಡುನಡುವೆ ಅವರದನ್ನೂ ಹೇಳಿದರು. ಹೆಸರು ಕಸ್ತೂರಿ, ಗದಗಿನಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಾರೆ, ಬಂದು ಮೂರು ವಾರವಾಯಿತು, ಇಲ್ಲಿ ರೆಡಿಮೇಡ್ ಬಟ್ಟೆಯ ಒಳಹೊಲಿಗೆ ತಿರುವಿ ನೋಡುವುದೇ ತಮಗೆ ಟೈಮ್‌ಪಾಸು ಎಂದರು. ನನ್ನ ಜಾಕೆಟ್ಟಿನ ತೋಳನ್ನೂ ತಿರುವಿ ನೋಡಿದರು. ಅವರ ಕೈ ಬೆಚ್ಚಗಾಗಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ, ಮುಕ್ಕಾಲು ಗಂಟೆ ಎಂದು ಆಮೇಲೆ ಗೊತ್ತಾಯಿತು. ನನ್ನ ಜೀವನದಲ್ಲಿ ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದು ಅದೇ ಮೊದಲು.

ಲಿಫ್ಟು ಹೊರಟಿತು. ಕಣ್ಣಿಗೆ ಏನೂ ಕಾಣದೆ ಏರುತ್ತ ಇದ್ದವರು ಒಂದು ಕ್ಷಣದಲ್ಲಿ ಮೋಡದಿಂದ ಹೊರಗೆ ಬಂದೆವು. ಮೇಲೆ ನೀಲಿ ಆಕಾಶ, ಕೆಳಗೆ ದೂರದ ತನಕ ಮೋಡದ ಸಮುದ್ರ, ಅದರಲ್ಲಿ ಮುಳುಗಿ ತಲೆಯಷ್ಟೇ ಎತ್ತಿದ ಬೆಟ್ಟಗಳು. ಕಸ್ತೂರಿ ಆಂಟಿ ಕಂಬಿಯಿಂದ ಕೈ ತೆಗೆದು ಮುಗಿದರು.

ಮೇಲೆ ಮಗ ಹೌಹಾರಿ ನಿಂತಿದ್ದ. ಮೊಮ್ಮಗಳು ಓಡಿ ಬಂದು, “ಅಜ್ಜೀ, ವರ್ ಯು ಸ್ಕೇರ್ಡ್?” ಎಂದಳು.

“ಇಲ್ಲವಾ, ಮಾತಾಡಕೋತ ಕುಂತಿದ್ವಿ,” ಎಂದರು ಆಂಟಿ. ಮಗನಿಗೆ ಕಂಬಿಯ ವಿಷಯ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಅವರಿಗೆ ಕೆಳಗೆ ಹೋಗಲು ಮತ್ತೆ ಅದೇ ಲಿಫ್ಟು. ಈಗ ಮಗನ ಪಕ್ಕ ಕೂತರು, ಮೊಮ್ಮಗಳು ಮುಂದಿನ ಕುರ್ಚಿಯಲ್ಲಿ ಲಿಫ್ಟಿನ ಕೆಲಸದವಳೊಬ್ಬಳ ಜೊತೆ. ಹೊರಡುವ ಮುಂಚೆ, ನೀನು ಆಡು, ನಾನು ಮೇಲಿನಿಂದ ನೋಡುತ್ತೇನೆ ಎಂದರು. ಅವರ ಕುರ್ಚಿ ಹೊರಟ ಮೇಲೆ ನಾನು ತಂತಿಯ ಬಲಕ್ಕಿದ್ದ ಇಳಿಜಾರಿಗೆ ಇಳಿದೆ. ಲಿಫ್ಟು ನಿಂತದ್ದರಿಂದ ಅಲ್ಲಿ ಯಾರೂ ಇರಲಿಲ್ಲ, ಹಿಮದ ಮೇಲೂ ಗೀರು ಹೆಚ್ಚಿರಲಿಲ್ಲ. ಬಲಕ್ಕೆ ಒರಗಿದೆ, ಎಡಕ್ಕೆ ಒರಗಿದೆ, ಕೈ ಹಿಮವನ್ನು ಸವರುವಷ್ಟು. ಗಾಳಿಯಿಲ್ಲ, ಅಂಚು ಹಿಮ ಕೊಯ್ಯುವ ಸಣ್ಣ ಸದ್ದೊಂದೇ. ಕೆಳಗೆ ಮೋಡದ ದಡ ಹತ್ತಿರವಾಗುತ್ತಿತ್ತು. ಪಕ್ಕದಲ್ಲಿ, ನನ್ನ ತಲೆಯ ಮೇಲೆ, ಉಲ್ಲನ್ ಟೋಪಿಯ ಹೆಂಗಸೊಬ್ಬರು ತೇಲುತ್ತ ಬರುತ್ತಿದ್ದಾರೆಂದು ತಿಳಿದಿತ್ತು. ಆ ಇಳಿತ ಮುಗಿಯದಿರಲಿ ಅನ್ನಿಸಿತು. ಮೋಡದೊಳಗೆ ಹೋದ ಮೇಲೆ ನಿಧಾನ ಮಾಡಿ, ದಾರಿಯ ಕಂಬಗಳನ್ನು ನೋಡಿಕೊಂಡು ಬುಡಕ್ಕೆ ಬಂದು ಕಾದೆ.

ಅವರು ಇಳಿದು ಬಂದು ನನ್ನ ಮುಂದೆ ನಿಂತರು. ಬೋರ್ಡನ್ನು ನೋಡಲಿಲ್ಲ.

“ಚಂದ ಐತವಾ,” ಎಂದರು. “ಆದ್ರ ಎಡಕ್ಕ ಹೊಳ್ಳುವಾಗ ಹೊಲಿಗಿ ಸಡ್ಲ ಬೀಳತೈತಿ ನೋಡು. ಬಲಕ್ಕ ಬಿಗಿ ಐತಿ.”

ನಾನು ಬಾಯಿ ತೆರೆದು ನಿಂತೆ, ಈ ಸಲ ಉಗ್ಗಿನಿಂದಲ್ಲ. ನಿಜವಾಗಿಯೂ ನನ್ನ ಎಡ ತಿರುವು ದುರ್ಬಲ. ಆ ಕಡೆ ಹೊರಳುವಾಗ ಹಿಮ್ಮಡಿಯ ಮೇಲೆ ಪೂರ್ತಿ ಭಾರ ಬಿಡಲು ನನಗೆ ಭಯ. ಐದು ವರ್ಷಗಳಲ್ಲಿ ಎಷ್ಟೋ ಜನ ನನ್ನ ಬೋರ್ಡನ್ನು ಕಂಡು ಬೆರಗಾಗಿದ್ದರು, ನಕ್ಕಿದ್ದರು, ಫೋಟೋ ತೆಗೆದಿದ್ದರು. ಅದು ಎಳೆದ ಗೆರೆಯನ್ನು ನೋಡಿದವರು ಅವರೊಬ್ಬರೇ.

ಮಗ ಅವಸರದಲ್ಲಿದ್ದ. ಅಮ್ಮನಿಗೆ ಬಿಸಿ ಏನಾದರೂ ಕುಡಿಸಬೇಕೆಂದು ಕರೆದುಕೊಂಡು ಹೊರಟ. ಆಂಟಿ ನನ್ನ ಕೆನ್ನೆ ತಟ್ಟಿ ಹೋದರು. ಅಷ್ಟು ಹೊತ್ತು ಮಾತಾಡಿದವಳಿಗೆ ಫೋನ್ ನಂಬರ್ ಕೇಳುವುದು ಹೊಳೆಯಲೇ ಇಲ್ಲ. ಮತ್ತೆ ಅವರನ್ನು ನಾನು ನೋಡಿಲ್ಲ.

ಆ ದಿನದಿಂದ ನನ್ನ ಉಗ್ಗು ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಸೋಮವಾರದ ಮೀಟಿಂಗಿನಲ್ಲಿ ಎಂದಿನಂತೆ ಸುಮ್ಮನೆ ಕೂತು, ಹೇಳಬೇಕಾದ್ದನ್ನು ಇಮೇಲಿನಲ್ಲಿ ಕಳಿಸಿದೆ. ಮಾತಾಡಲು ಧೈರ್ಯ ಬಂದದ್ದು ಬಹಳ ನಿಧಾನವಾಗಿ. ಇವತ್ತಿಗೂ ನನ್ನನ್ನು ಕಾಡುವುದು ಮಂಜಿಗಿಂತ ಮುಂಚಿನ ಆ ಕೆಲವು ನಿಮಿಷ. ಪಕ್ಕದಲ್ಲಿ ಒಬ್ಬ ಹೆಂಗಸು ನನ್ನ ಭಾಷೆಯಲ್ಲೇ ಹೆದರುತ್ತಿದ್ದರೂ ನಾನು ಮೂಕಿಯಂತೆ ಕೂತಿದ್ದೆ. ಮೊದಲೇ ಒಂದು ಮಾತಾಡಿದ್ದರೆ ಅವರು ಕಂಬಿಗೆ ಕೈ ಹಾಕುತ್ತಿರಲಿಲ್ಲವೇನೋ.

ಹಾಗಾಗಿ ಈಗ ಲಿಫ್ಟಿನಲ್ಲಿ ಯಾರೇ ಪಕ್ಕದಲ್ಲಿ ಕೂರಲಿ, ಅವರು ಕೇಳುವ ತನಕ ಕಾಯುವುದಿಲ್ಲ. ನಾನೇ ಶುರು ಮಾಡುತ್ತೇನೆ. ಮೊದಲ ಕಂಬದ ಹತ್ತಿರ ಬಾಯಿ ತೆರೆದರೆ ಮಾತು ಮುಗಿಯುವುದು ಎಷ್ಟೋ ಸಲ ನಾಲ್ಕನೆಯ ಕಂಬದ ಹತ್ತಿರ. ಜನ ಕಾಯುತ್ತಾರೆ.