ದುಂಡನೆಯ ಎಂಜಿನ್ನಿನ ಮುಂದೆ

ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ಗ್ಯಾರೇಜು ನಡೆಸುವ ನನಗೆ ಎಂಜಿನ್ನಿನ ವಿಷಯದಲ್ಲಿ ಜಂಬ ಸ್ವಲ್ಪ ಹೆಚ್ಚೇ. ಕಳೆದ ಬೇಸಿಗೆಯಲ್ಲಿ ಹೆಂಡತಿಯೊಡನೆ ಬೆಂಗಳೂರಿನ ವಿಮಾನ ಮ್ಯೂಸಿಯಮ್ಮಿಗೆ ಹೋದಾಗ, ಮಸ್ಕಿಯಿಂದ ಜೊತೆಗೆ ಬಂದಿದ್ದ ಅವಳ ತಮ್ಮ ಮತ್ತು ಅವನಿಗೆ ಹೆಣ್ಣು ಕೊಟ್ಟ ಮಾವನಿಗೆ ನಾನೇ ಗೈಡ್ ಆದೆ. ಸಿಲಿಂಡರುಗಳನ್ನು ಚಕ್ರದಂತೆ ಸುತ್ತಲೂ ಜೋಡಿಸಿದ್ದ ಹಳೆಯ ಎಂಜಿನ್ನೊಂದನ್ನು ತೋರಿಸಿ, "ಇದು ವಿಮಾನದ್ದು. ಹೆಲಿಕಾಪ್ಟರಿಗೆ ಇಂಥಾದ್ದು ಕೂಡೂದs ಇಲ್ಲ," ಎಂದು ಗಟ್ಟಿಯಾಗಿ ಹೇಳಿದೆ.

ತಮ್ಮನ ಮಾವ ಬಗ್ಗಿ ಎಂಜಿನ್ನಿನ ಕೆಳಗಿನ ಬೋರ್ಡು ಓದಿದರು. "ಹೆಲಿಕಾಪ್ಟರ್ ಎಂಜಿನ್ ಅಂತ ಬರದಾರಲ್ರೀ?"

ನಾನು ಬೋರ್ಡಿನತ್ತ ಬಗ್ಗುವಷ್ಟರಲ್ಲಿ ಹೆಂಡತಿ ಮುಂದೆ ಬಂದು, "ತಪ್ಪು ನಂದುರೀ. ಬೋರ್ಡು ಓದಿ ಇವರಿಗೆ ವಿಮಾನದ್ದು ಅಂತ ಹೇಳಿದಾಕಿ ನಾನs," ಎಂದಳು. ಅವಳು ಆ ಬೋರ್ಡಿನ ಕಡೆ ನೋಡಿಯೇ ಇರಲಿಲ್ಲ.

"ಅಕ್ಕಾ, ಓದಾಕ ಬರೂದಿಲ್ಲೇನು ನಿನಗ?" ಎಂದು ತಮ್ಮ ನಕ್ಕ. ಅವಳು ಸೆರಗು ಸರಿಮಾಡಿಕೊಳ್ಳುತ್ತ ತಾನೂ ನಕ್ಕಳು.

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅವಳು ನಗೆಪಾಟಲಾಗುತ್ತಿದ್ದರೂ ನಾನು ಸುಮ್ಮನೆ ನಿಂತಿದ್ದೆ.

ಹೊರಗೆ ಚಹಾ ಕುಡಿಯುವಾಗ ಎಲ್ಲರಿಗೂ ಕೇಳುವಂತೆ, "ಆಕಿ ಏನೂ ಹೇಳಿರಲಿಲ್ಲ. ಗೊತ್ತಿಲ್ಲದ್ದನ್ನ ಹೇಳಿದಾಂವ ನಾನs," ಎಂದೆ. ಈ ಸಲ ಯಾರೂ ನಗಲಿಲ್ಲ. ಹೆಂಡತಿ ಮಾತ್ರ, "ಈಗ್ಯಾಕ ಅದು?" ಎಂದು ಮುಖ ಆಚೆ ತಿರುಗಿಸಿದಳು.