ದೊಡ್ಡಮ್ಮನಿಗೆ ಕೊಟ್ಟ ಬೂದಿ

ಮೊನ್ನೆ ಬ್ರೂಸ್‌ಪೇಟೆಯ ಗೊಬ್ಬರದಂಗಡಿಯಲ್ಲಿ ನಿಂಬೆ ಗಿಡಕ್ಕೆಂದು ಪೊಟ್ಯಾಷ್ ಕೇಳಿದೆ. ಅಂಗಡಿಯಾತ ಕೆಂಪು ಹರಳಿನ ಪುಡಿಯನ್ನು ಪೊಟ್ಟಣ ಕಟ್ಟುತ್ತ, "ಹಿಂದಕ್ಕ ಒಲಿ ಬೂದಿ ಹಾಕ್ತಿದ್ರಲ್ರೀ, ಅದರಾಗ ಇರೋದೂ ಇದ" ಎಂದ. ಚಿಲ್ಲರೆ ತೆಗೆದುಕೊಳ್ಳುವುದನ್ನೂ ಮರೆತು ಹೊರಬಂದೆ...

ಬಳ್ಳಾರಿ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಸತ್ಯನಾರಾಯಣಪೇಟೆಯ ಮನೆಗೆ ನಾನು ಹೊಸ ಸೊಸೆ. ಹಿತ್ತಲಿನಾಚೆಯ ಮನೆಯಲ್ಲಿ ಸಿರುಗುಪ್ಪದ ಕಡೆಯ ವಿಧವೆಯೊಬ್ಬರಿದ್ದರು, ಓಣಿಗೆಲ್ಲ ದೊಡ್ಡಮ್ಮ. ಅವರಿಗಿದ್ದದ್ದು ಒಂದೇ ನಿಂಬೆ ಗಿಡ. ಅದರ ಕಾಯಿ ಮಾರಿಯೇ ಅವರ ಹೊಟ್ಟೆ ತುಂಬಬೇಕು.

ಬೆಳಿಗ್ಗೆ ಒಡಕು ಗಡಿಗೆ ಹಿಡಿದು ಮನೆಮನೆಗೆ ಬಂದು ಒಲೆಯ ಬೂದಿ ಕೇಳುವರು. ಕಟ್ಟಿಗೆಯದೇ ಬೇಕು, ಸಗಣಿ ಕುಳ್ಳಿನದು ಕೊಟ್ಟರೆ ಒಲ್ಲೆನ್ನುವರು. ಅದನ್ನು ಗಿಡದ ಸುತ್ತ ಗುಂಡಗೆ ಉದುರಿಸುತ್ತ ಏನೋ ಗೊಣಗುವರು. ಯಾಕೆಂದು ಕೇಳಿದರೆ, "ಗಿಡಕ್ಕ ಊಟರೀ" ಎಂದು ನಗು. ನಿಂಬೆ, ಬೂದಿ, ಗೊಣಗಾಟ... ಮಾಟವೆನ್ನಲು ಇನ್ನೇನು ಬೇಕು? ಆ ವರ್ಷ ನಮ್ಮ ಹಿತ್ತಲಿನ ನಿಂಬೆ ಗಿಡದ ಹೀಚೆಲ್ಲ ಉದುರಿತು, ಅವರದು ಕಾಯಿ ಹೊತ್ತು ಬಾಗಿತು.

"ನಮ್ಮ ಒಲಿ ಬೂದಿ ಒಯ್ದು ಮನಿ ಏಳ್ಗಿ ಎಳಕೊಳ್ಳಾಕ ಹತ್ಯಾಳ" ಎಂದರು ಅತ್ತೆ. ಓಣಿಯೂ ನಂಬಿತು, ನಾನೂ ನಂಬಿದೆ. ನನಗೆ ಮೊದಲಿನಿಂದಲೂ ದೊಡ್ಡಮ್ಮನ ಆ ನಗು ಸೇರುತ್ತಿರಲಿಲ್ಲ. ಬಾಗಿಲಿಗೆ ಬಂದವರಿಗೆ ಇಲ್ಲವೆನ್ನಬಾರದು, ಕೊಟ್ಟರೆ ಕೇಡು. ಅತ್ತೆ ಉಪಾಯ ಹುಡುಕಿದರು. ದೃಷ್ಟಿ ತೆಗೆಯುವಂತೆ ಉಪ್ಪು ನಿವಾಳಿಸಿ, ಕುಟ್ಟಿ, ಬೂದಿಯಲ್ಲಿ ಬೆರೆಸಿ ಕೊಡುವುದು. ಮಾಟವಿದ್ದರೆ ಮುರಿಯುತ್ತದೆ. ಅವರು ದಿನಕ್ಕೆ ಎರಡು ಹಿಡಿ ಎಂದರೆ ನಾನು ನಾಲ್ಕು ಹಾಕಿದೆ.

ಕೆಲವು ತಿಂಗಳಲ್ಲೇ ಆ ಗಿಡದ ಎಲೆಯಂಚು ಸುಟ್ಟಂತಾಯಿತು. "ಮುರೀತು ನೋಡು" ಎಂದು ಅತ್ತೆ ಹಿಗ್ಗಿದರು. ನಾನೂ ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ಮರುದಿನ ದೊಡ್ಡಮ್ಮ ನೇರ ನಮ್ಮಲ್ಲಿಗೇ ಬಂದರು. ಅತ್ತು ಕಣ್ಣು ಕೆಂಪಾಗಿದ್ದವು. "ಗಿಡ ಸೊರಗೈತಿ ತಂಗಿ, ಊಟ ಸಾಲವಲ್ದು. ಓಣ್ಯಾಗ ಯಾರೂ ಈಗ ಬೂದಿ ಕೊಡಾಕ ಒಲ್ಲರು. ನೀನೊಬ್ಬಾಕಿ ಗಡಿಗಿ ತುಂಬಾ ಕೊಡ್ತಿ. ಇನ್ನೊಂದೀಟು ಕೊಡವಾ."

ಗಿಡವನ್ನು ಸುಡುತ್ತಿರುವುದು ನಮ್ಮ ಉಪ್ಪೇ ಏನೋ ಎಂದು ನನ್ನ ಸಂಶಯ ಮೊದಲ ಸಲ ನಮ್ಮ ಕಡೆಗೇ ತಿರುಗಿತು. ಆದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಉಪ್ಪು ಬೆರೆತದ್ದನ್ನೇ ತುಂಬಿ ಕೊಟ್ಟೆ.

ಗಿಡ ಒಣಗಿತು. ದೊಡ್ಡಮ್ಮ ಕುರುಗೋಡಿನ ತಮ್ಮನ ಆಸರೆಗೆ ಹೋದರು, ಅಲ್ಲಿಯೇ ತೀರಿಕೊಂಡರಂತೆ. ಹೊರಡುವ ದಿನ ಇಡೀ ಓಣಿಯಲ್ಲಿ ನಮ್ಮ ಮನೆಗೊಂದಕ್ಕೇ ಬಂದು ಹೇಳಿ ಹೋಗಿದ್ದರು.

ಈಗ ಅತ್ತೆಯೂ ಇಲ್ಲ. ನನ್ನದು ತಪ್ಪಾಯಿತೆಂದು ಹೇಳಬೇಕು, ಆದರೆ ಕೇಳಬೇಕಾದವರೇ ಉಳಿದಿಲ್ಲ.